ಕಾಕುಗೆ ಓದಿ ಹೇಳಿದ ಪುಸ್ತಕಗಳು

ನಾವು ಪುಣೆಯ ಖಡಕಿಗೆ ಬಂದಾಗ ನನಗೆ ಒಂಬತ್ತು ವರ್ಷ. ಎಪ್ಪತ್ತರ ದಶಕದ ಆರಂಭದ ದಿನಗಳು. ಅಪ್ಪನಿಗೆ ಅಲ್ಲಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು. ವಿಜಾಪುರದ ಕಡೆಯ ನಮ್ಮ ಊರಲ್ಲಿ ಮೂರನೇ ಇಯತ್ತೆ ಮುಗಿಸಿದ್ದ ನನ್ನನ್ನು ಇಲ್ಲಿ ಮರಾಠಿ ಶಾಲೆಯಲ್ಲಿ ಮತ್ತೆ ಎರಡನೆಯ ಇಯತ್ತೆಗೆ ಕೂರಿಸಿದರು. ನನಗಿಂತ ಚಿಕ್ಕ ಮಕ್ಕಳ ನಡುವೆ, ಅವರಿಗೆ ತಿಳಿದದ್ದು ನನಗೆ ತಿಳಿಯದೆ, ಮೊದಲ ಆರು ತಿಂಗಳು ನಾನು ಹೆಚ್ಚುಕಡಿಮೆ ಮೂಕಳಾಗಿಯೇ ಕಳೆದೆ. ಬಾಯಿ ತೆರೆದರೆ ಹಿಂದಿನ ಬೆಂಚಿನವರು ನಗುತ್ತಿದ್ದರು.

ಕಾರ್ಖಾನೆಯವರ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎರಡು ಮನೆಗೆ ಒಂದೇ ಗೋಡೆ. ಗೋಡೆಯ ಆಚೆ ಇದ್ದವರು ಆಳಂದದ ಕಡೆಯ ಹೆಂಗಸು ಮತ್ತು ಆಕೆಯ ಗಂಡ. ನಾನು ಅವರನ್ನು ಕಾಕು, ಕಾಕಾ ಎನ್ನುತ್ತಿದ್ದೆ. ಕಾಕಾ ಅದೇ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮೇಲಿದ್ದರು. ಸೊಲ್ಲಾಪುರದಲ್ಲಿ ಬೆಳೆದವರಾದ್ದರಿಂದ ಅವರಿಗೆ ಓದಲು ಬರುತ್ತಿದ್ದುದು ಮರಾಠಿ ಮಾತ್ರ. ಕಾಕುಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ.

ಒಂದು ಸಂಜೆ ನಾನು ಅಜ್ಜಿಯ ಪತ್ರವನ್ನು ಅವ್ವನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಓದುವುದು ಮುಗಿದಾಗ ಕಾಕು ನಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಕೈಯೆಲ್ಲ ಹಿಟ್ಟು.

“ವೈನಿ, ನಿಮ್ಮ ಹುಡುಗಿಗೆ ಕನ್ನಡ ಓದಾಕ ಬರ್ತದೇನ್ರಿ?”

“ಬರ್ತದ್ರಿ. ಅದೊಂದs ಬರ್ತದ,” ಎಂದಳು ಅವ್ವ.

ಮರುದಿನ ಶಾಲೆ ಬಿಟ್ಟ ಮೇಲೆ ಕಾಕು ನನ್ನನ್ನು ಕರೆದರು. ಒಳಕೋಣೆಯಲ್ಲಿ ಮಂಚದ ಕೆಳಗಿನಿಂದ ಒಂದು ಕಬ್ಬಿಣದ ಟ್ರಂಕು ಎಳೆದು ಮುಚ್ಚಳ ತೆಗೆದರು. ಒಳಗೆ ಪುಸ್ತಕಗಳು, ಎಲ್ಲವೂ ಮಕ್ಕಳ ಪುಸ್ತಕಗಳು, ಎಲ್ಲವೂ ಕನ್ನಡದವು. ಒಂದೊಂದಕ್ಕೂ ಕಂದು ಕಾಗದದ ಹೊದಿಕೆ ಹಾಕಿ, ಮೊದಲ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ ಒಂದು ಹುಡುಗಿಯ ಹೆಸರು ಬರೆದಿತ್ತು. ಅದು ಅವರ ಮಗಳ ಹೆಸರು. ನಾವು ಬರುವುದಕ್ಕೆ ಎರಡು ವರ್ಷ ಮೊದಲು ಕಾಮಾಲೆಯಾಗಿ ತೀರಿಕೊಂಡಿದ್ದಳು. ಆಗ ಆಕೆಗೆ ಹನ್ನೊಂದು. ಚಿಕ್ಕವಳಿದ್ದಾಗ ಆಳಂದದಲ್ಲಿ ಕಾಕುವಿನ ಅಪ್ಪನ ಹತ್ತಿರ ಬೆಳೆದಿದ್ದಳು. ಶಾಲೆ ಮಾಸ್ತರರಾಗಿದ್ದ ಆ ಅಜ್ಜನೇ ಅಕ್ಷರ ಕಲಿಸಿದ್ದರು. ಮೊಮ್ಮಗಳು ಪುಣೆಗೆ ಬಂದ ಮೇಲೆ ವರ್ಷಕ್ಕೆ ಎರಡು ಸಲ ಪುಸ್ತಕದ ಗಂಟು ಕಳಿಸುತ್ತಿದ್ದರು. ಮಗಳು ಓದುವುದು, ಕಾಕು ಕೇಳುವುದು, ಇದು ಆ ಮನೆಯ ಸಂಜೆಯ ರೂಢಿಯಾಗಿತ್ತು.

“ನಾಕಕ್ಕ ಸಾಲಿ ಬಿಡ್ತದಲ್ಲ ತಂಗಿ. ಒಂದು ತಾಸು ಬಂದು ಓದ್ತೀಯೇನು?” ಎಂದರು ಕಾಕು.

ಅವ್ವನಿಗೆ ಇದು ಇಷ್ಟವಿರಲಿಲ್ಲ. ಸತ್ತ ಹುಡುಗಿಯ ವಸ್ತುವನ್ನು ನಾನು ದಿನಾ ಮುಟ್ಟುವುದು ಆಕೆಗೆ ಹೆದರಿಕೆ. ಆದರೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ನನಗೋ, ಇಡೀ ದಿನ ತಪ್ಪು ತಪ್ಪಾಗಿ ಮಾತಾಡಿ ಬಂದವಳಿಗೆ, ತಡವರಿಸದೆ ಬಾಯಿ ಆಡಿಸಬಹುದಾದ ಒಂದು ತಾಸು ಸಿಕ್ಕಿತ್ತು.

ಹಾಗೆ ಶುರುವಾಯಿತು. ಕಾಕು ಅಕ್ಕಿ ಆರಿಸುತ್ತಲೋ ಶೇಂಗಾ ಹುರಿಯುತ್ತಲೋ ಕೇಳುತ್ತಿದ್ದರು. ಮೊದಲು ದೊಡ್ಡ ಅಕ್ಷರದ ಚಿತ್ರದ ಪುಸ್ತಕಗಳು, ಆಮೇಲೆ ರಾಜಕುಮಾರಿಯರ ಕತೆ, ದೆವ್ವದ ಕತೆ, ಚಂದ್ರಲೋಕಕ್ಕೆ ಹೋದ ಹುಡುಗರ ಕತೆ, ಕಳುವಾದ ಸರ ಹುಡುಕುವ ಪತ್ತೇದಾರಿ, ಇರುವೆ ಮತ್ತು ಜೇನಿನ ಬಗ್ಗೆ ಒಂದು ಪುಸ್ತಕ, ದೊಡ್ಡವರ ಜೀವನಚರಿತ್ರೆಗಳು. ಓದಿ ಮುಗಿಸಿದ ಅಧ್ಯಾಯದ ಕೊನೆಗೆ ಮಗಳು ಪೆನ್ಸಿಲಿನಿಂದ ಒಂದು ಗೀಟು ಎಳೆದಿರುತ್ತಿದ್ದಳು. ಇದನ್ನೆಲ್ಲ ಕಾಕು ಒಮ್ಮೆ ಕೇಳಿದ್ದರೂ, ಮುಂದೇನಾಗುತ್ತದೆ ಎಂದು ನನಗೆ ಮೊದಲೇ ಹೇಳುತ್ತಿರಲಿಲ್ಲ. ಕಳ್ಳ ಯಾರೆಂದು ಗೊತ್ತಿದ್ದೂ “ಯಾರಿರಬೇಕು?” ಎಂದು ನನ್ನನ್ನೇ ಕೇಳುತ್ತಿದ್ದರು.

ಟ್ರಂಕಿನ ತಳದಲ್ಲಿ ಒಂದು ಪುಸ್ತಕವನ್ನು ಮಾತ್ರ ಅವರು ಪ್ರತಿ ಸಲವೂ ಪಕ್ಕಕ್ಕೆ ಸರಿಸುತ್ತಿದ್ದರು. “ಅದು ಕೊನಿಗೆ ಇರ್ಲಿ.”

ಕೊನೆಗೆ ಅದರ ಸರದಿ ಬಂದಾಗ ನನಗೂ ಹನ್ನೊಂದು ತುಂಬಿತ್ತು. ಮೂವರು ಹುಡುಗರು ದೋಣಿಯಲ್ಲಿ ಹೋಗಿ, ಬಿರುಗಾಳಿಗೆ ಸಿಕ್ಕಿ, ಒಂದು ನಡುಗಡ್ಡೆಗೆ ಬಂದು ಬೀಳುವ ಸಾಹಸದ ಕತೆ. ನಡುವೆ ಒಂದು ಪುಟದ ಮೂಲೆ ಮಡಚಿತ್ತು. ಮಗಳು ಅಲ್ಲಿಯ ತನಕ ಓದಿದ್ದಳು. ಮರುದಿನ ಅವಳನ್ನು ಆಸ್ಪತ್ರೆಗೆ ಸೇರಿಸಿದ್ದರು.

“ಸಣ್ಣ ಹುಡುಗ ಗವಿಯೊಳಗ ಹೋಗ್ಯಾನ. ಉಳಿದಿಬ್ಬರು ಹೊರಗ ನಿಂತು ಕೂಗ್ಲಿಕ್ಕತ್ತಾರ. ಇಲ್ಲೀತನಕ ನಂಗ ಗೊತ್ತದ. ಇಲ್ಲಿಂದ ಓದು,” ಎಂದರು ಕಾಕು. ಅವತ್ತು ಕೈಯಲ್ಲಿ ಯಾವ ಕೆಲಸವೂ ಇರಲಿಲ್ಲ. ಗೋಡೆಗೆ ಒರಗಿ ಕುಳಿತಿದ್ದರು. ನಾಲ್ಕು ವರ್ಷ ಆ ಹುಡುಗ ಅವರ ಪಾಲಿಗೆ ಆ ಗವಿಯೊಳಗೇ ಇದ್ದ.

ನಾನು ಓದಿದೆ. ಒಂದೂವರೆ ಪುಟ ಸರಿಯಾಗಿಯೇ ಓದಿದೆ. ಆಮೇಲೆ ಕಣ್ಣು ಬಾಯಿಗಿಂತ ನಾಲ್ಕು ಸಾಲು ಮುಂದೆ ಓಡಿತು. ಗವಿಗೆ ನುಗ್ಗಿದ್ದ ಕಡಲಿನ ನೀರು ಎರಡು ದಿನದ ಮೇಲೆ ಇಳಿದು, ಗೆಳೆಯರು ಒಳಗೆ ಹೋಗುತ್ತಾರೆ. ಹುಡುಗ ಬಂಡೆಗಳ ನಡುವೆ ಸಿಕ್ಕುತ್ತಾನೆ. ಉಸಿರಿಲ್ಲ.

ನಾನು ನಿಲ್ಲಿಸಿದೆ.

“ಯಾಕ? ಸಿಕ್ಕನೇನು?” ಎಂದರು ಕಾಕು.

“ಸಿಕ್ಕನ್ರಿ,” ಎಂದೆ.

“ಜೀವಂತ ಅದಾನೇನು?”

“ಅದಾನ್ರಿ. ಕಾಲು ಉಳುಕ್ಯದ. ಆ ಕಡಿ ಬಂಡೆಗಲ್ಲಿನ ಮ್ಯಾಲ ಕುಂತಿದ್ದ.”

ಆ ಮಾತು ಬಾಯಿಂದ ಬಂದ ಮೇಲೆ ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ. ಉಳಿದ ಎರಡು ಅಧ್ಯಾಯಗಳನ್ನು ಪುಟದ ಮೇಲೆ ಕಣ್ಣಿಟ್ಟುಕೊಂಡು, ಅಲ್ಲಿರದ ಮಾತುಗಳನ್ನು ಹೇಳುತ್ತ ಹೋದೆ. ಪುಸ್ತಕದಲ್ಲಿ ಗೆಳೆಯರು ಮರಳಿನಲ್ಲಿ ಗುಂಡಿ ತೋಡುತ್ತಿದ್ದರು. ನಾನು ಅವರನ್ನು ಹುಡುಗನ ಕಾಲಿಗೆ ಸೊಪ್ಪು ಕಟ್ಟಲು ಹಚ್ಚಿದೆ. “ಎರಡು ದಿನ ಏನು ತಿಂದಿರಬೇಕು ಕೂಸು?” ಎಂದು ಕಾಕು ಕೇಳಿದರು. ಎಳನೀರು ಎಂದೆ. ಮೂವರನ್ನೂ ಊರಿಗೆ ಮುಟ್ಟಿಸಿ ಪುಸ್ತಕ ಮುಚ್ಚಿದಾಗ ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಮರುದಿನ ಬೇಸನ್ ಉಂಡಿ ಮಾಡಿ ಸಾಲುಮನೆಗಳಿಗೆಲ್ಲ ಹಂಚಿದರು. ಏನು ವಿಶೇಷ ಎಂದು ಯಾರು ಕೇಳಿದರೂ ಹೇಳಲಿಲ್ಲ.

ನಾನು ಅಂದುಕೊಂಡದ್ದು, ಅಲ್ಲಿಗೆ ಮುಗಿಯಿತು ಎಂದು. ಆದರೆ ಮಗಳು ತೀರಿಕೊಂಡ ದಿನ ಬಂದಾಗ ಕಾಕು ಆ ಕಡೆಯ ಭಾಗವನ್ನು ಇನ್ನೊಮ್ಮೆ ಓದು ಎಂದರು. ಓದಿದೆ. “ಹೋದ ಸಲ ಎಳನೀರು ಅಂದಿದ್ದಿ, ಈ ಸಲ ಬಾಳಿಹಣ್ಣು ಅಂತೀಯಲ್ಲ,” ಎಂದರು. ಸಾಲು ತಪ್ಪಿತು ಎಂದು ಹೇಳಿ ಪಾರಾದೆ. ಅವತ್ತೇ ನನ್ನ ಗಣಿತದ ನೋಟುಪುಸ್ತಕದ ಹಿಂದಿನ ಪುಟಗಳಲ್ಲಿ ನನ್ನ ಸುಳ್ಳನ್ನು ಮೊದಲಿಂದ ಕೊನೆಯವರೆಗೆ ಬರೆದಿಟ್ಟು ಬಾಯಿಪಾಠ ಮಾಡಿದೆ.

ಟ್ರಂಕು ಖಾಲಿಯಾದ ಮೇಲೆ ಕಾಕು ತಮ್ಮ ಅಪ್ಪನಿಗೆ ನನ್ನಿಂದ ಪತ್ರ ಬರೆಸಿದರು. “ಹದಿನೈದು ವರ್ಷದ ಹುಡುಗ್ಯಾರು ಓದೋ ಪುಸ್ತಕ ಕಳಸ್ರಿ ಅಂತ ಬರಿ,” ಎಂದರು. ನನಗಾಗ ಹನ್ನೊಂದು. ಕೈ ತಡೆದು ಅವರ ಮುಖ ನೋಡಿದೆ. “ಆಕಿಗೆ ಈಗ ಹದಿನೈದು ನಡೀತಿತ್ತಲ್ಲ,” ಎಂದರು, ಲೆಕ್ಕ ಹೇಳುವವರ ಹಾಗೆ. ಮರುವರ್ಷ ಹದಿನಾರು ಎಂದು ಬರೆಸಿದರು. ಆಳಂದದ ಅಜ್ಜ ಒಂದು ಮಾತೂ ಕೇಳದೆ ಕಳಿಸುತ್ತಿದ್ದರು: ಕಾಲೇಜಿಗೆ ಹೋಗುವ ಹುಡುಗಿಯರ ಕಾದಂಬರಿ, ಆರೋಗ್ಯದ ಪುಸ್ತಕ, ಆಕಾಶದ ನಕ್ಷತ್ರಗಳ ಪುಸ್ತಕ. ಅರ್ಧ ನನಗೆ ತಿಳಿಯುತ್ತಿರಲಿಲ್ಲ. ಹಾಗೇ ಓದುತ್ತಿದ್ದೆ.

ಆ ಹೊತ್ತಿಗೆ ನನ್ನ ನಾಲಿಗೆ ಮರಾಠಿಗೆ ಒಗ್ಗಿತ್ತು. ಗೆಳತಿಯರು ಸಿಕ್ಕಿದ್ದರು. ಅಪ್ಪ ವಾರಕ್ಕೊಮ್ಮೆ ಸದಾಶಿವ ಪೇಠೆಯ ಒಂದು ವಾಡೆಮನೆಯ ಕೆಳಅಂತಸ್ತಿನಲ್ಲಿದ್ದ ವಾಚನಾಲಯಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಮರಾಠಿಯ ಪತ್ತೇದಾರಿಗಳು, ಭೂತಬಂಗಲೆಗಳು, ಬೇರೆ ಗ್ರಹದಿಂದ ಬಂದವರ ಕತೆಗಳು ಕಪಾಟುಗಟ್ಟಲೆ ಇದ್ದವು. ಮನೆಯಲ್ಲಿ ಅಂಥದೊಂದು ಪುಸ್ತಕವನ್ನು ಅರ್ಧಕ್ಕೆ ಬಿಟ್ಟು ನಾಲ್ಕು ಗಂಟೆಗೆ ಕಾಕುವಿನ ಮುಂದೆ ಕೂರುವುದು ನನಗೆ ಶಿಕ್ಷೆಯಾಗತೊಡಗಿತು. ಎರಡೆರಡು ಪುಟ ಒಟ್ಟಿಗೆ ತಿರುವಲು ಕಲಿತೆ. ವರ್ಣನೆ ಬಂದರೆ ಬಿಟ್ಟೆ. ಒಂದು ಕಾದಂಬರಿಯ ಕೊನೆಯ ನಲವತ್ತು ಪುಟಗಳನ್ನು ಎರಡು ಮಾತಿನಲ್ಲಿ ಮುಗಿಸಿ, ಮದುವೆಯಾಯಿತು ಎಂದೆ. ಮದುವೆ ಆಗಿತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಕಾಕು ಮಾತ್ರ ಮೊದಲಿನಷ್ಟೇ ಗಮನವಿಟ್ಟು ಕೇಳುತ್ತಿದ್ದರು. “ಇಷ್ಟು ಲಗೂನ ಮುಗೀತೇನು?” ಎಂದು ಒಮ್ಮೆ ಮಾತ್ರ ಕೇಳಿದ್ದು ನೆನಪು.

ನನಗೆ ಹದಿನಾಲ್ಕಾದ ವರ್ಷ ಆಳಂದದಿಂದ ಕಾಕುವಿನ ತಂಗಿಯ ಮಗಳು ಒಂದು ತಿಂಗಳಿಗೆ ಬಂದಳು. ನನಗಿಂತ ಎರಡು ವರ್ಷ ದೊಡ್ಡವಳು. ಮಧ್ಯಾಹ್ನ ಹೊತ್ತು ಹೋಗದೆ ಟ್ರಂಕು ತೆರೆದು ಒಂದೊಂದೇ ಪುಸ್ತಕ ಓದುತ್ತಿದ್ದಳು. ಒಂದು ದಿನ ನಾನು ಹೋದಾಗ ನಡುಗಡ್ಡೆಯ ಪುಸ್ತಕ ಕಾಕುವಿನ ತೊಡೆಯ ಮೇಲಿತ್ತು. ಆ ಹುಡುಗಿ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. ತನ್ನಿಂದ ಏನೋ ಆಗಿಹೋಗಿದೆ ಎಂದು ಅವಳ ಮುಖದಲ್ಲೇ ಕಾಣುತ್ತಿತ್ತು.

“ಈಕಿ ಹೇಳ್ತಾಳ, ಆ ಸಣ್ಣ ಹುಡುಗ ಸತ್ತ ಅಂತ,” ಎಂದರು ಕಾಕು. “ಖರೇನು?”

ಹೌದೆಂದು ತಲೆಯಾಡಿಸಿದೆ.

“ನೀ ಯಾಕ ಹಂಗ ಹೇಳಿದಿ?”

“ನೀವು ಅಳ್ತೀರಿ ಅಂತ ಅನಿಸ್ತು ಕಾಕು.”

ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. “ಅದಕ್ಕ ಸಿಟ್ಟಿಲ್ಲ ತಂಗಿ. ನೀನೂ ಸಣ್ಣಾಕಿ ಇದ್ದಿ ಆವಾಗ. ಆದ್ರ ನಂಗ ಓದಾಕ ಬರೂದಿಲ್ಲ. ನೀ ಏನು ಹೇಳ್ತಿ ಅದs ನಂಗ ಪುಸ್ತಕ. ಉಳಿದ್ವೆಲ್ಲಾ ಸರಿ ಓದೀಯೇನು? ಇದೊಂದs ಹಿಂಗ ಮಾಡಿದ್ದೇನು?”

ಹೇಳಿಬಿಡಬಹುದಿತ್ತು. ಬಿಟ್ಟ ಪುಟಗಳು, ಮಾಡಿಸಿದ ಮದುವೆ, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಆದರೆ ಮೊದಲನೆಯ ಸುಳ್ಳಿಗೆ ಕರುಣೆಯ ಕಾರಣವಿತ್ತು, ಉಳಿದವಕ್ಕೆ ಏನಿತ್ತು? ಬಾಗಿಲಲ್ಲಿ ಆ ಹುಡುಗಿ ಬೇರೆ ನನ್ನನ್ನೇ ನೋಡುತ್ತಿದ್ದಳು.

“ಇದೊಂದs ರೀ,” ಎಂದೆ.

ಕಾಕು ಪುಸ್ತಕವನ್ನು ಕೈಯಿಂದ ಒಮ್ಮೆ ಸವರಿ ಕೆಳಗಿಟ್ಟರು. “ಆತು. ಇನ್ನ ಮ್ಯಾಲ ಬರಬ್ಯಾಡ ತಂಗಿ. ನಿನಗೂ ಸಾಲಿ ಅಭ್ಯಾಸ ಭಾಳ ಆಗ್ಯದ.” ದನಿ ಮೊದಲಿನ ಹಾಗೇ ಮೆತ್ತಗಿತ್ತು.

ಅವ್ವನಿಗೆ ಅಭ್ಯಾಸ ಹೆಚ್ಚಾಯಿತೆಂದೇ ಹೇಳಿದೆ. “ಛಲೋ ಆತು ಬಿಡು,” ಎಂದಳು ಅವ್ವ. ಮರುದಿನ ನಾಲ್ಕು ಗಂಟೆಗೆ ಗೋಡೆಯ ಆಚೆಯಿಂದ ಓದುವ ದನಿ ಕೇಳಿಸಿತು. ಆ ಹುಡುಗಿ ಗವಿಯ ಅಧ್ಯಾಯವನ್ನು ಓದುತ್ತಿದ್ದಳು, ನಾನು ಒಮ್ಮೆಯೂ ಬಾಯಿಬಿಟ್ಟು ಓದದ ಸಾಲುಗಳನ್ನು, ಅವಸರವಿಲ್ಲದೆ. ಮುಗಿದ ಮೇಲೆ ಕಾಕು ಏನೋ ಹೇಳಿದರು. ಅವಳು ಮತ್ತೆ ಮೊದಲಿಂದ ಓದಿದಳು. ಕೈಯಲ್ಲಿದ್ದ ನನ್ನ ಮರಾಠಿ ಪುಸ್ತಕದ ಅದೇ ಸಾಲಿನ ಮೇಲೆ ಕಣ್ಣಿಟ್ಟು, ಎರಡೂ ಸಲ ಪೂರ್ತಿ ಕೇಳಿದೆ. ತಿಂಗಳು ಕಳೆದು ಆಕೆ ಊರಿಗೆ ಹೋದ ಮೇಲೆ ನಾಲ್ಕರ ಹೊತ್ತಿಗೆ ಆ ಕಡೆ ಪಾತ್ರೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಅದೇ ವರ್ಷ ಆಳಂದದ ಅಜ್ಜ ತೀರಿಕೊಂಡರು. ಪುಸ್ತಕದ ಗಂಟು ಬರುವುದೂ ನಿಂತಿತು.

ನಲ್ಲಿಯ ಹತ್ತಿರ ಎದುರಾದರೆ ಕಾಕು ನಗುತ್ತಿದ್ದರು, ಊಟ ಆಯಿತೇ ಎಂದು ಕೇಳುತ್ತಿದ್ದರು. ಅದು ನನಗೆ ಬೈಗುಳಕ್ಕಿಂತ ಕಷ್ಟವಾಗುತ್ತಿತ್ತು. ಅವರು ಬರುವ ಹೊತ್ತು ನೋಡಿಕೊಂಡು ನಲ್ಲಿಗೆ ಹೋಗುವುದನ್ನೇ ತಪ್ಪಿಸಿದೆ.

ಎಂಬತ್ತರ ದಶಕ ಶುರುವಾದ ಮೇಲೆ ಕಾಕಾ ನಿವೃತ್ತರಾಗಿ ಪುಣೆಯ ಇನ್ನೊಂದು ತುದಿಯ ಧನಕವಡಿಯಲ್ಲಿ ಎರಡು ಕೋಣೆಯ ಮನೆ ಮಾಡಿದರು. ನಾನಾಗ ಕಾಲೇಜಿನಲ್ಲಿದ್ದೆ. ಹೋಗಬೇಕು ಎಂದುಕೊಳ್ಳುತ್ತ ಒಂದೂವರೆ ವರ್ಷ ಕಳೆದು, ಒಂದು ಭಾನುವಾರ ಹೋದೆ. ಊರಿನಿಂದ ತರಿಸಿದ ಒಂದು ಹೊಸ ಕಾದಂಬರಿ ಚೀಲದಲ್ಲಿತ್ತು. ಒಂದೂ ಸಾಲು ಬಿಡದೆ ಓದಬೇಕು, ಓದಿ ಮುಗಿಸಿ ಎಲ್ಲ ಹೇಳಬೇಕು ಎಂದು ಬಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ.

ಕಾಕುವಿನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಂದು ಕಣ್ಣಿಗೆ ಪೊರೆ ಬಂದಿತ್ತು. ನನ್ನ ಕೈ ಹಿಡಿದು ಕೂರಿಸಿ, ಝುಣಕಾ ಭಾಕ್ರಿ ಮಾಡಿ ಉಣ್ಣಿಸಿದರು. ಟ್ರಂಕು ಎಲ್ಲೂ ಕಾಣಲಿಲ್ಲ. ಕೇಳಿದೆ.

“ಹಿಂದಿನ ಗಲ್ಲಿ ಒಳಗ ಬಿಲ್ಡಿಂಗ್ ಕೆಲಸಕ್ಕ ಬಂದವರಿದ್ರು, ನಮ್ಮ ಕಡೆಯವರs. ಅವರ ಹುಡುಗರಿಗೆ ಕೊಟ್ಟೆ. ಓದಾಕ ಯಾರಿಗೂ ಬರೂದಿಲ್ಲ, ಚಿತ್ರಾ ನೋಡ್ತಿದ್ವು. ಕೆಲಸ ಮುಗೀತು, ಹೋದ್ರು.”

“ಎಲ್ಲಾ ಕೊಟ್ರಿ?”

“ಎಲ್ಲಾ ಕೊಟ್ಟೆ.”

ನಾನು ಚೀಲದಿಂದ ಕಾದಂಬರಿ ತೆಗೆದೆ. ಅವರು ಮೆಲ್ಲಗೆ ನನ್ನ ಕೈಮೇಲೆ ಕೈಯಿಟ್ಟರು. “ಬ್ಯಾಡ ತಂಗಿ. ಈಗ ಕತಿ ಕೇಳೂದು ಆಗೂದಿಲ್ಲ. ರೇಡಿಯೋ ಅದ, ಹಾಡು ಬರ್ತಾವ, ಕೇಳ್ತೀನಿ.”

“ಕಾಕು, ಆವತ್ತು ನೀವು ಕೇಳಿದ್ರಲ್ಲ, ಬ್ಯಾರೆ ಪುಸ್ತಕದಾಗ...”

“ಹೇಳಬ್ಯಾಡ,” ಎಂದರು. ದನಿ ಏರಿರಲಿಲ್ಲ, ಆದರೆ ತಡೆದೇ ಬಿಟ್ಟಿತು. “ಈಗ ಹೇಳಿದ್ರ ಅವನ್ನೆಲ್ಲಾ ಮತ್ತ ಯಾರ ಕಡಿಂದ ಓದಸಲಿ? ಪುಸ್ತಕಾನೂ ಇಲ್ಲ.”

ಹಾಗಾದರೆ ಅವರಿಗೆ ಗೊತ್ತಿತ್ತು. ಎಂದಿನಿಂದ ಗೊತ್ತಿತ್ತೋ ಕೇಳುವ ಧೈರ್ಯ ನನಗಾಗಲಿಲ್ಲ. ಸ್ವಲ್ಪ ಹೊತ್ತು ನನ್ನ ಕಾಲೇಜಿನ ಮಾತಾಡಿದೆವು. ಹೊರಡುವಾಗ ಕುಂಕುಮ ಹಚ್ಚಿ, ಮತ್ತೆ ಬಾ ಎಂದರು.

ಮತ್ತೆ ಹೋಗಲಿಲ್ಲ. ಪರೀಕ್ಷೆ ಬಂತು, ನೌಕರಿ ಬಂತು, ಎರಡು ಮಳೆಗಾಲ ಕಳೆಯಿತು. ಕಾಕು ತೀರಿಹೋದ ಸುದ್ದಿ ನಮಗೆ ಮುಟ್ಟಿದ್ದು ತಿಂಗಳ ಮೇಲೆ, ಕಾರ್ಖಾನೆಯ ಯಾರದೋ ಬಾಯಿಂದ. ಅಪ್ಪನೊಡನೆ ಧನಕವಡಿಗೆ ಹೋದಾಗ ಮನೆಗೆ ಬೇರೆಯವರು ಬಂದಿದ್ದರು. ಕಾಕಾ ಸೊಲ್ಲಾಪುರದಲ್ಲಿ ತಮ್ಮನ ಹತ್ತಿರ ಇರಲು ಹೋದರಂತೆ. ವಿಳಾಸ ಅವರಿಗೂ ಗೊತ್ತಿರಲಿಲ್ಲ. ಮರಳಿ ಬರುವಾಗ ಅಪ್ಪ, “ಹೋದ ಸಲ ಬಂದಾಗ ಏನು ಓದಿದಿ ಆಕಿಗೆ?” ಎಂದು ಕೇಳಿದರು.

“ಏನೂ ಓದಲಿಲ್ಲ,” ಎಂದೆ. ಅದು ನಿಜವಾಗಿತ್ತು. ಕಾತ್ರಜದ ಕಡೆಯಿಂದ ಬಸ್ಸು ಬರುವುದನ್ನು ನೋಡುತ್ತ ಇಬ್ಬರೂ ನಿಂತೆವು.