ತೆಕ್ಲಾ ಚಿಕ್ಕಮ್ಮ ಒಗೆದ ಬಟ್ಟೆ

ನಮ್ಮ ತೆಕ್ಲಾ ಚಿಕ್ಕಮ್ಮ ಒಗೆಯುವುದರಲ್ಲಿ ಎತ್ತಿದ ಕೈ. ನೆಬ್ರಾಸ್ಕಾದ ಗಾಳಿ ದಿನಕ್ಕೊಂದು ಬುಟ್ಟಿ ಧೂಳು ತಂದು ಸುರಿದರೆ ಅವಳು ಎರಡು ಬುಟ್ಟಿ ಆಚೆ ಹಾಕುವವಳು. ನಾರ್ಲಿಂಗ್ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಇಪ್ಪತ್ತು ವರ್ಷ. ಗಂಡ ಯೋನಾಸ್ ಮಾತು ಕಡಿಮೆಯ ಮನುಷ್ಯ. ಆ ಕೊರತೆಯನ್ನು ಅವನ ತಾಯಿ ಬ್ರಿಟಾ ತುಂಬಿಕೊಡುತ್ತಿದ್ದಳು.

ಬ್ರಿಟಾಳ ಬಗ್ಗೆ ಹಗುರವಾಗಿ ಬರೆಯಲು ನನಗೂ ಕೈ ಬಾರದು. ಸ್ವೀಡನ್ನಿನ ಹೆಲ್ಸಿಂಗ್‌ಲ್ಯಾಂಡಿನಿಂದ ಗಂಡ ಪೇರ್ ಮತ್ತು ಐದು ವರ್ಷದ ಯೋನಾಸ್ ಜೊತೆ ಹಡಗು ಹತ್ತಿ ಬಂದವಳು. ಸರ್ಕಾರ ಬಿಟ್ಟಿ ಕೊಡುತ್ತಿದ್ದ ನೂರರವತ್ತು ಎಕರೆ ಹುಲ್ಲುಗಾವಲಿನಲ್ಲಿ ಹುಲ್ಲುಬೇರಿನ ಸಮೇತ ಮಣ್ಣಿನ ಹೆಂಟೆ ಕೊಯ್ದು ಮನೆಗೆ ಗೋಡೆ ಎಬ್ಬಿಸಿದರು. ಐದು ವರ್ಷ ಉತ್ತು ಬಾಳಿದರೆ ನೆಲ ನಿಮ್ಮದು ಎಂಬುದು ಕಾನೂನು. ಪೇರ್ ಮೂರನೇ ಚಳಿಗಾಲಕ್ಕೇ ತೀರಿಕೊಂಡ. ಉಳಿದ ಎರಡು ವರ್ಷ ಬ್ರಿಟಾ ಒಬ್ಬಳೇ ಎತ್ತಿನ ಹಿಂದೆ ನಡೆದು ಪತ್ರ ಮಾಡಿಸಿಕೊಂಡಳು. ಆ ದಿನಗಳಲ್ಲಿ ಮಗನನ್ನು ಬದುಕಿಸಿದ್ದು ಒಂದು ಹಸು ಮತ್ತು ಉದ್ದಹಾಲು.

ಉದ್ದಹಾಲು ಅಂದರೆ ಒಂದು ಬಗೆಯ ಮೊಸರು. ಚಮಚ ಎತ್ತಿದರೆ ಬಟ್ಟಲಿನಿಂದ ಬಾಯಿಯವರೆಗೆ ನೂಲಿನಂತೆ ಜಗ್ಗಿಕೊಂಡು ಬರುತ್ತದೆ. ಅದರ ಹೆಪ್ಪನ್ನು ಬ್ರಿಟಾ ತಂದದ್ದು ಬಟ್ಟೆಯಲ್ಲಿ. ಊರು ಬಿಡುವ ಮುನ್ನ ಅವಳ ತಾಯಿ ನಾರುಬಟ್ಟೆಯ ತುಂಡೊಂದನ್ನು ಉದ್ದಹಾಲಿನಲ್ಲಿ ಅದ್ದಿ, ಒಣಗಿಸಿ, ಮಡಿಚಿ ಕೊಟ್ಟಿದ್ದಳು. ಇಲ್ಲಿ ಉಗುರುಬೆಚ್ಚಗಿನ ಹಾಲಿಗೆ ಹಾಕಿದರೆ ಹಾಲು ಹೆಪ್ಪಾಯಿತು. ಮಡಕೆಯಲ್ಲಿನ ಹೆಪ್ಪು ಕೆಟ್ಟರೆ ಇರಲೆಂದು ಬಟ್ಟೆಯನ್ನು ಮತ್ತೆ ಅದ್ದಿ ಒಣಗಿಸಿ ಪೆಟ್ಟಿಗೆಯ ತಳದಲ್ಲಿಟ್ಟಳು. ಚಳಿಗಾಲದಲ್ಲಿ ನಮ್ಮಲ್ಲಿ ಬಾವಿ, ಶಾಯಿ, ಪಾದ್ರಿಗಳ ಪ್ರಸಂಗ ಎಲ್ಲವೂ ಹೆಪ್ಪುಗಟ್ಟುತ್ತವೆ. ಬೇಸಿಗೆಯ ಸೆಖೆಯಲ್ಲಿ ಉದ್ದಹಾಲಿನ ಹೆಪ್ಪು ಮಾತ್ರ ನಿಲ್ಲದೆ ಕೆಟ್ಟುಹೋಗುತ್ತದೆ.

ಸಾವಿರದ ಒಂಬೈನೂರ ಐದರ ಬೇಸಿಗೆಯಲ್ಲಿ ಚಿಕ್ಕಮ್ಮ ಮನೆಯ ಬಟ್ಟೆಯನ್ನೆಲ್ಲ ಬೂದಿನೀರಿನಲ್ಲಿ ಕುದಿಸಿ ಒಗೆದಳು. ಪೆಟ್ಟಿಗೆಯ ತಳದಲ್ಲಿ ಹಳದಿಗಟ್ಟಿ ಹುಳಿವಾಸನೆ ಬೀರುತ್ತಿದ್ದ ತುಂಡೂ ಸಿಕ್ಕಿತು. ಅದನ್ನೂ ಕುದಿಸಿದಳು. ಇಸ್ತ್ರಿಯನ್ನೂ ಮಾಡಿದಳು! ವಾರದಲ್ಲೇ ಗುಡುಗಿನ ಸೆಖೆಗೆ ಮಡಕೆಯ ಹೆಪ್ಪು ಕೆಟ್ಟಿತು.

“ಪೆಟ್ಟಿಗೆ ತಳದಲ್ಲಿ ನಮ್ಮಮ್ಮ ಕೊಟ್ಟ ಬಟ್ಟೆ ಇದೆ. ನೀನೇ ಹಾಕು, ನಂಗೆ ಕಣ್ಣು ಕಾಣ್ಸಲ್ಲ,” ಅಂದಳು ಬ್ರಿಟಾ.

ಚಿಕ್ಕಮ್ಮ ಹಾಕಿದಳು. ಬಟ್ಟೆ ಒದ್ದೆಯಾಯಿತು, ಅಷ್ಟೇ.

ಹಳ್ಳದಾಚೆ ನಾರ್ವೆಯವರ ಮನೆ. ಅವರೂ ಉದ್ದಹಾಲು ಮಾಡುವ ಜನ. ಆದರೆ ಅದುವರೆಗೆ ಸ್ವೀಡನ್ನಿನ ರಾಜನ ಕೈಕೆಳಗಿದ್ದ ನಾರ್ವೆ ಆ ವರ್ಷವೇ ನಮ್ಮ ರಾಜನಿಗೆ ಕೈಕೊಟ್ಟು ಬೇರೆಯಾಗಿತ್ತು. ಬ್ರಿಟಾ ಪತ್ರಿಕೆ ಓದಿಸಿಕೊಂಡು ದಿನಾ ಹಳ್ಳದ ಕಡೆ ತಿರುಗಿ ಬೈಯುತ್ತಿದ್ದಳು. ಚಿಕ್ಕಮ್ಮ ಮೊಟ್ಟೆ ಹುಡುಕುವ ನೆಪದಲ್ಲಿ ಹಳ್ಳ ದಾಟಿದಳು.

“ಏನೇ ಸ್ವೀಡನ್ನಿನ ಸೊಸೆ, ದಾರಿ ತಪ್ತಾ?” ಅಂದಳು ಮನೆಯೊಡತಿ ರಗ್ನಿಲ್ಡ ಟ್ವೈಟನ್.

“ಅಕ್ಕಾ, ಒಂಚೂರು ಹೆಪ್ಪು ಬೇಕು. ಅತ್ತೆಗೆ ಗೊತ್ತಾಗ್ಬಾರ್ದು.”

ರಗ್ನಿಲ್ಡ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಇಸ್ತ್ರೀನೂ ಮಾಡಿದ್ಯಾ? ತಗೊ ಮಾರಾಯ್ತಿ. ನಾನು ಬಾಯಿ ಬಿಡಲ್ಲ. ನಿನ್ನ ಬಾಯಿ ನೀನು ನೋಡ್ಕೊ.”

ಮರುದಿನ ಬ್ರಿಟಾ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು. “ಇದೇ ಕಣೇ! ನಮ್ಮಮ್ಮನ ಕೈಯದು! ಆ ನಾರ್ವೆಯವರ ಲೋಳೆ ಎಲ್ಲಿ, ಇದೆಲ್ಲಿ!” ಎಂದವಳೇ ಅತ್ತೆ ಅತ್ತೇಬಿಟ್ಟಳು. ಚಿಕ್ಕಮ್ಮ ಇಸ್ತ್ರಿ ಮಾಡಿದ ಬಟ್ಟೆಯನ್ನು ಹೊಸ ಹೆಪ್ಪಿನಲ್ಲಿ ಅದ್ದಿ ಒಣಗಿಸಿ ಪೆಟ್ಟಿಗೆಯಲ್ಲಿಟ್ಟಳು. ಅದು ಮೊದಲಿನಂತೆ ಹಳದಿಯಾಯಿತು.

ಇಷ್ಟೇ ಆಗಿದ್ದರೆ ನಗುವ ಕಥೆ. ನಾಲ್ಕು ವರ್ಷ ಕಳೆದು ಟ್ವೈಟನ್ನರ ಮನೆಮಂದಿಗೆಲ್ಲ ಜ್ವರ ಬಂತು. ಎರಡು ವಾರ ಯಾರೂ ಮಡಕೆಯ ಕಡೆ ತಿರುಗಿ ನೋಡಲಿಲ್ಲ, ಹೆಪ್ಪು ಸತ್ತಿತು. ರಗ್ನಿಲ್ಡ ಇನ್ನೂ ತೂರಾಡುತ್ತಲೇ ನಾರ್ಲಿಂಗ್ ಮನೆಯ ಬಾಗಿಲಿಗೆ ಬಂದಳು. ಬ್ರಿಟಾ ಒಲೆಯ ಪಕ್ಕ ಕೂತಿದ್ದಳು, ಚಿಕ್ಕಮ್ಮ ಹಿಟ್ಟು ನಾದುತ್ತಿದ್ದಳು.

“ಬ್ರಿಟಾ ಅಮ್ಮ, ಚಿಕ್ಕ ಮಗಳಿಗೆ ಬೇರೇನೂ ಒಳಗೆ ಹೋಗ್ತಿಲ್ಲ. ಒಂದು ಬಟ್ಲು ಹೆಪ್ಪು ಕೊಟ್ಟಿದ್ರೆ…”

“ಬೇರೆ ಆಗ್ತೀವಿ ಅಂತ ಕುಣಿದ್ರಲ್ಲ, ಈಗ ಹೆಪ್ಪು ನೆನಪಾಯ್ತಾ? ಇದು ನಮ್ಮಮ್ಮ ಕಟ್ಟಿಕೊಟ್ಟಿದ್ದು. ನಾರ್ವೆಯವರ ಮಡಕೆಗೆ ಹೋಗಲ್ಲ.”

ರಗ್ನಿಲ್ಡ ಚಿಕ್ಕಮ್ಮನನ್ನು ನೋಡಿದಳು. ಚಿಕ್ಕಮ್ಮ ಹಿಟ್ಟನ್ನು ನೋಡಿದಳು. ರಗ್ನಿಲ್ಡ ಕೊಟ್ಟ ಮಾತಿನಂತೆ ಬಾಯಿ ಬಿಡದೆ ಹೊರಟುಹೋದಳು. ಆ ದಿನದ ರೊಟ್ಟಿ ಕಲ್ಲಾಗಿತ್ತಂತೆ, ಅಷ್ಟು ನಾದಿದ್ದಳು.

ಮರುದಿನ ಚಿಕ್ಕಮ್ಮ ಬಟ್ಟಲನ್ನು ಮುಚ್ಚಿಕೊಂಡು ಹಳ್ಳ ದಾಟಿದಾಗ ರಗ್ನಿಲ್ಡ ಬಾಗಿಲಲ್ಲೇ ನಿಂತು, “ಕದ್ದು ತಂದಿದ್ದು ಬೇಡ, ವಾಪಸ್ ತಗೊಂಡು ಹೋಗು,” ಅಂದಳು. ಹುಡುಗಿ ಹೇಗೋ ಚೇತರಿಸಿಕೊಂಡಳು. ಟ್ವೈಟನ್ನರು ಕೆಲವು ವರ್ಷಕ್ಕೆ ಜಮೀನು ಮಾರಿ ಪೇಟೆ ಸೇರಿದರು. ಬ್ರಿಟಾ ತೀರಿಕೊಂಡಳು. ಯೋನಾಸ್ ಆ ಬಟ್ಟೆಗೆ ವಾಲ್ನಟ್ ಮರದ ಚೌಕಟ್ಟು ಕೆತ್ತಿ ಗೋಡೆಗೆ ಹಾಕಿದ. ಚಿಕ್ಕಮ್ಮ ಪ್ರತಿ ಶನಿವಾರ ಅದರ ಗಾಜು ಒರೆಸಿದಳು. ಉದ್ದಹಾಲನ್ನು ಎಲ್ಲರಿಗೂ ಬಡಿಸಿದಳು, ತಾನು ಮಾತ್ರ ತಿನ್ನಲಿಲ್ಲ. ಹೊಟ್ಟೆಗಾಗುವುದಿಲ್ಲ ಎನ್ನುತ್ತಿದ್ದಳು. ಸುಳ್ಳೇನಲ್ಲ.

ಚರ್ಚಿಗೆ ಐವತ್ತು ತುಂಬಿದ ವರ್ಷ, ಊಟದ ಹೊತ್ತಿನಲ್ಲಿ ಯೋನಾಸ್ ಆ ಬಟ್ಟೆಯ ಕಥೆ ಹೇಳಬೇಕೆಂದು ತೀರ್ಮಾನವಾಯಿತು. ಅದಕ್ಕೆ ಒಂದು ವಾರ ಮೊದಲು ಚಿಕ್ಕಮ್ಮ ನನ್ನ ಕಾರು ಹತ್ತಿ ಕೂತಳು. “ಪೇಟೆಗೆ ನಡಿಯೋ. ರಗ್ನಿಲ್ಡ ಅಕ್ಕನ ಮನೆಗೆ.”

ರಗ್ನಿಲ್ಡಳಿಗೆ ಎಪ್ಪತ್ತು ದಾಟಿತ್ತು. ಚಿಕ್ಕಮ್ಮ ಮಡಕೆಯನ್ನು ಮೇಜಿನ ಮೇಲಿಟ್ಟು, “ಅಕ್ಕಾ, ಇದು ನಿಮ್ಮದೇ,” ಅಂದಳು.

“ನಂಗೊತ್ತು.”

“ಅವತ್ತು ನಾನು ಹೇಳ್ಬೇಕಿತ್ತು.”

“ಹೂಂ. ಈಗ ಹೇಳೋಕೆ ಏನು ಕಷ್ಟ? ನಾನಿಲ್ಲಿ ಒಬ್ಬಳೇ ಇದೀನಿ, ನಿಮ್ಮತ್ತೆ ಮಣ್ಣಲ್ಲಿದಾಳೆ.” ಹೀಗೆಂದವಳೇ ನನಗೆ ಕಾಫಿ ಬಗ್ಗಿಸಿದಳು, ಬೆಳೆಯ ವಿಷಯ ಕೇಳಿದಳು.

ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಇನ್ನೂರು ಜನ. ಯೋನಾಸ್ ಚೌಕಟ್ಟನ್ನು ಎತ್ತಿ ಹಿಡಿದು ನಿಂತ. ಜನರ ಮುಂದೆ ಎಂದೂ ನಾಲ್ಕು ಮಾತಾಡದವನು ಅಂದು, “ನಮ್ಮಮ್ಮ ಇದನ್ನ ಎದೆಗೆ ಕಟ್ಕೊಂಡು ತಂದ್ಲು,” ಎಂದು ಶುರುಮಾಡಿದ.

ಚಿಕ್ಕಮ್ಮ ಎದ್ದಳು. “ಬಟ್ಟೆ ಅತ್ತೇದು. ಹೆಪ್ಪು ರಗ್ನಿಲ್ಡ ಟ್ವೈಟನ್ನರದು. ಅತ್ತೇದನ್ನ ನಾನು ಕುದಿಸಿ ಒಗೆದುಬಿಟ್ಟಿದ್ದೆ.”

ಮೊದಲು ನಕ್ಕವನು ನಾನೇ. ಇದನ್ನು ಬರೆಯುವಾಗ ಮುಖ ಬಿಸಿಯಾಗುತ್ತದೆ. ನನ್ನ ಹಿಂದೆ ಇಡೀ ಸಭೆ ನಕ್ಕಿತು. “ಹಾಗಾದ್ರೆ ನಮ್ಮ ಹೊಟ್ಟೆ ಒಳಗೆ ನಾರ್ವೆ ಇನ್ನೂ ಬೇರೆ ಆಗಿಲ್ಲ!” ಎಂದು ಪಾದ್ರಿಗಳು ಮೇಜು ಕುಟ್ಟಿದರು. “ಅವರು ಕೇಳ್ಕೊಂಡು ಬಂದಾಗ ನಾನು ಸುಮ್ನಿದ್ದೆ,” ಎಂದು ಚಿಕ್ಕಮ್ಮ ಇನ್ನೂ ಹೇಳುತ್ತಿದ್ದಳು. ಆ ಮಾತು ನಗುವಿನಲ್ಲಿ ಮುಳುಗಿತು. ಪಕ್ಕದಲ್ಲಿದ್ದ ಯೋನಾಸ್, ನಾನು ಸೇರಿ ಮೂರ್ನಾಲ್ಕು ಜನಕ್ಕಷ್ಟೇ ಕೇಳಿಸಿದ್ದು.

ಯೋನಾಸ್ ನಗಲಿಲ್ಲ. ಚೌಕಟ್ಟನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟ. “ಅಮ್ಮಂಗೆ ಗೊತ್ತಿತ್ತಾ?”

“ಇಲ್ಲ.”

“ಗೊತ್ತಿದ್ದಿದ್ರೆ ಅವಳು ರಗ್ನಿಲ್ಡಂಗೆ ಇಲ್ಲ ಅಂತಿರ್ಲಿಲ್ಲ ಕಣೇ. ಆ ಪಾಪ ಅವಳ ಕೈಲಿ ಮಾಡಿಸಿದ್ದು ನೀನು.”

ರಗ್ನಿಲ್ಡಳಿಗೆ ತಾನು ಅನ್ಯಾಯ ಮಾಡಿದ್ದೇನೆಂದು ಚಿಕ್ಕಮ್ಮನಿಗೆ ಇಪ್ಪತ್ಮೂರು ವರ್ಷದಿಂದ ಗೊತ್ತಿತ್ತು. ಅತ್ತೆಗೂ ಅನ್ಯಾಯ ಮಾಡಿದ್ದೇನೆಂದು ಹೊಳೆದದ್ದು ಆ ಕ್ಷಣದಲ್ಲಿ. ಅವಳ ಮುಖ ಇಳಿದದ್ದನ್ನು ನಾನೇ ನೋಡಿದೆ.

ಯೋನಾಸ್ ಗಾಡಿ ಹೂಡಿಕೊಂಡು ಒಬ್ಬನೇ ಮನೆಗೆ ಹೋದ. ಚಿಕ್ಕಮ್ಮ ನನ್ನ ಕಾರಿನತ್ತ ಬಂದವಳು ದಾರಿ ಬದಲಿಸಿ ಚರ್ಚಿನ ಹಿಂದಿನ ಸ್ಮಶಾನಕ್ಕೆ ಹೋಗಿ ಬ್ರಿಟಾಳ ಕಲ್ಲಿನ ಮುಂದೆ ನಿಂತಳು. ಗಾಳಿ ಟೋಪಿಯನ್ನು ಕಿತ್ತುಕೊಳ್ಳುತ್ತಿತ್ತು, ಹಿಡಿದುಕೊಂಡು ನಿಂತಳು. ನಾನು ಎಂಜಿನ್ ಆರಿಸಿದೆ. ಬಹಳ ಹೊತ್ತಿನ ಮೇಲೆ ಬಂದು ಕೂತಳು.

“ನಡಿಯೋ,” ಅಂದಳು. “ಅತ್ತೆ ಮುಂದೆ ಬಾಯೇ ಬರ್ಲಿಲ್ಲ.”