ಹುಳಮನೆಯ ಏಸಿ, ಅಂಗಳದ ಬೈಕು

ಬೂದಿಕೋಟೆ ರಸ್ತೆಯಲ್ಲಿ ನಮ್ಮದು ಚಾಕಿ ಕೇಂದ್ರ. ರೇಷ್ಮೆಯ ಮರಿಹುಳಗಳನ್ನು ಎರಡನೇ ಜ್ವರ ಏಳುವವರೆಗೆ ಸಾಕಿ ರೈತರಿಗೆ ಕೊಡುತ್ತೇವೆ. ಜ್ವರವೆಂದರೆ ಕಾಯಿಲೆಯಲ್ಲ; ಹುಳ ಮೇವು ಬಿಟ್ಟು, ತಲೆಯೆತ್ತಿ, ಪೊರೆ ಕಳಚುವವರೆಗೆ ಅಲುಗದೆ ಕೂರುವುದು. ಆಗ ಕೋಣೆ ಕಾದರೆ ತಟ್ಟೆಗಟ್ಟಲೆ ಸಾಯುತ್ತವೆ. ಅದಕ್ಕೇ ದೊಡ್ಡ ಏಸಿ ಹಾಕಿಸಿದ್ದೆವು.

ಈ ಬೇಸಿಗೆಯಲ್ಲಿ ಹುಳ ಎರಡನೇ ಜ್ವರಕ್ಕೆ ಕೂತ ದಿನವೇ ಒಬ್ಬಾತ ಬೈಕಿನಲ್ಲಿ ಬಂದ. ಹಿಂದೆಯೇ ಒಂದು ಲಗೇಜ್ ಆಟೋ. ನಿಮ್ಮ ಮಾದರಿಯ ಏಸಿಗಳು ವಿಪರೀತ ಕಾಯುತ್ತಿವೆ, ಬೆಂಕಿ ಹತ್ತಬಹುದು, ಕಂಪನಿ ಎಲ್ಲವನ್ನೂ ವಾಪಸ್ ತರಿಸಿಕೊಳ್ಳುತ್ತಿದೆ, ನಾಳೆ ಹೊಸದು ಕೊಡುತ್ತೇವೆ ಎಂದ. ದುಡ್ಡು ಬೇಡವಂತೆ. ನನಗೆ ಅನುಮಾನ ಶುರುವಾದದ್ದೇ ಅಲ್ಲಿ.

ಬಾಗಿಲಲ್ಲಿ ಗೋಣಿ ಹೊಲಿಯುತ್ತಿದ್ದ ಅತ್ತೆ ಕತ್ತೆತ್ತಲಿಲ್ಲ. "ತಂಪು ಮಾಡೋ ಮಿಷನ್ನು ಕಾಯ್ತದಂತೆ! ಯಾರಿಗ್ಲಾ ಏಳ್ತೀಯಾ ಈ ಕತೆ? ಬಿಚ್ಕೊಂಡೋಗಿ ಬಂಗಾರಪೇಟೆ ಗುಜರಿಗೆ ಆಕಾಕಾ?"

"ಅಜ್ಜೀ, ನಮ್ದು ಆಂಡರ್ಸನ್‌ಪೇಟೆ. ಯಾರ್ನಾದ್ರೂ ಕೇಳಿ."

"ಯಾಕ್ಲಾ, ಆಂಡರ್ಸನ್‌ಪೇಟೇಲಿ ಕಳ್ರಿಲ್ವಾ?"

ಆತ ನಕ್ಕುಬಿಟ್ಟ. ಅದೂ ನನಗೆ ಹಿಡಿಸಲಿಲ್ಲ. ಕಂಪನಿಯ ಅಂಗಿಯೇನೋ ಇತ್ತು. ಅಂಗಿ ಯಾರು ಬೇಕಾದರೂ ಹೊಲಿಸಬಹುದು.

"ನನ್ನ ನಂಬ್ಬೇಡಿ ಅಕ್ಕಾ. ಪ್ಲಗ್ ಹತ್ರ ಒಂದ್ಸಲ ನೋಡ್ಕೊಂಡ್ ಬನ್ನಿ, ಸಾಕು."

ಹುಳಕ್ಕೆ ಸೋಂಕು ತಾಗದಂತೆ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋದೆ. ಆಯುಧಪೂಜೆಯಲ್ಲಿ ಪ್ಲಗ್ಗಿನ ಪಕ್ಕ ನಾನೇ ಇಟ್ಟ ಕುಂಕುಮದ ಬೊಟ್ಟು ಕಪ್ಪಾಗಿತ್ತು, ಸುತ್ತಲ ಬಿಳಿ ಪ್ಲಾಸ್ಟಿಕ್ಕಿಗೆ ಟೀ ಬಣ್ಣ. ಅದನ್ನು ಮೊದಲೇ ಕಂಡಿದ್ದೆ. ಹೊಗೆ ಹುಳಕ್ಕಾಗದು ಎಂದರೂ ಅತ್ತೆ ಕದ್ದು ಊದುಬತ್ತಿ ಹಚ್ಚುತ್ತಾರೆಂದು ಅವರನ್ನೇ ಅನುಮಾನಿಸಿದ್ದೆ. ಈಗ ಬೆರಳು ತಾಗಿಸಿದರೆ ಚುರುಕ್ಕೆಂದಿತು.

ಮೇನ್ ಸ್ವಿಚ್ ಆರಿಸಿದೆ. ಗೋಣಿಗಳನ್ನು ನೆನೆಸಿ ಕಿಟಕಿಗಳಿಗೆ ಕಟ್ಟಿದೆವು. ಆತನಿಗೂ ಕಾಲು ಅದ್ದಿಸಿ ಒಳಗೆ ಬಿಟ್ಟೆ. ಆದರೂ ಏಸಿ ಆಟೋ ಏರುವಾಗ ಮನಸ್ಸು ತಡೆಯಲಿಲ್ಲ, ಬೈಕಿನ ಕೀಲಿ ಕೇಳಿದೆ.

"ಒತ್ತೆನಾ ಅಕ್ಕಾ?"

"ಊ ಕಣ್ಲಾ," ಅಂದರು ಅತ್ತೆ. "ಒಸ್ದು ತಂದು ಬಿಡಿಸ್ಕೋ."

ಆತ ಕೀಲಿ ಕೊಟ್ಟು ಆಟೋ ಹತ್ತಿದ. ಗೋಣಿಗೆ ನೀರು ಚಿಮುಕಿಸುವುದು, ಬೈಕು ನೋಡುವುದು, ಇದೇ ನಮ್ಮ ಕೆಲಸವಾಯಿತು. ಬೈಕೇ ಕದ್ದದ್ದಾಗಿದ್ದರೆ ಎಂದು ಹೊಳೆದ ಮೇಲಂತೂ ಊಟ ಸೇರಲಿಲ್ಲ.

ಮರುದಿನ ಮಧ್ಯಾಹ್ನ ಹೊಸ ಏಸಿ ಬಂತು. ಆತ ಜೋಡಿಸಿ, ಕೀಲಿಗೆ ಕೈಚಾಚಿದ. ಹುಳ ಜ್ವರ ಏಳಲಿ ಎಂದು ಕಾಫಿ ಕೊಟ್ಟು ಕೂರಿಸಿದೆ. ಕಿಟಕಿ ಪಕ್ಕದ ಒಂದು ತಟ್ಟೆ ಏಳಲೇ ಇಲ್ಲ. ಮಿಕ್ಕವು ಸಂಜೆಗೆ ತಲೆ ಇಳಿಸಿ ಹರಿದಾಡಿದವು. ಎಳೆಸೊಪ್ಪು ಉದುರಿಸಿ, ಅದರ ಅಂಚು ಕಚ್ಚಿದ್ದನ್ನು ಕಣ್ಣಾರೆ ಕಂಡ ಮೇಲೆ ಸೆರಗಿನ ಗಂಟು ಬಿಚ್ಚಿ ಕೀಲಿ ಕೊಟ್ಟೆ.