ನನ್ನ ನಿಧಾನದ ಕಣ್ಣು

ಯಾರಾದರೂ ಮೊಬೈಲಿನಲ್ಲಿ ಮದುವೆಯ ಫೋಟೊ ತೋರಿಸಿದರೆ, ಒಂದು ನನಗೆ ಕಾಣುವಷ್ಟರಲ್ಲಿ ಅವರು ಮೂರು ಫೋಟೊ ಮುಂದೆ ಹೋಗಿರುತ್ತಾರೆ. ಮದುಮಗಳು ಲಕ್ಷಣವಾಗಿದ್ದಾಳೆ ಎಂದು ನಾನು ಹೊಗಳುವಾಗ ಎದುರಿಗೆ ಅಡುಗೆ ಭಟ್ಟರು ಇರುತ್ತಾರೆ. ಮನೆಯವರೆಲ್ಲ ಇದನ್ನು ನಕ್ಕು ಸಹಿಸಿಕೊಂಡಿದ್ದರು. ಈ ಮಾರ್ಚ್ ತಿಂಗಳಲ್ಲಿ ಮಾತ್ರ ಅದು ನನ್ನ ಕೆಲಸಕ್ಕೇ ಸಂಚಕಾರ ತಂದಿತು.

ಗೋಣಿಬೀಡಿನ ಆಚೆ ನಮ್ಮದು ಆರೆಕರೆ ಅರೇಬಿಕಾ ತೋಟ. ಅರೇಬಿಕಾ ಗಿಡಕ್ಕೆ ಬೋರರ್ ಹುಳುವೇ ಯಮ. ಅದು ಕಾಂಡದೊಳಗೆ ಕೊರೆಯುತ್ತಾ ಹೋಗುತ್ತದೆ. ಹೊರಗೆ ತೊಗಟೆಯ ಮೇಲೆ ಒಂದು ಉಬ್ಬುಗೆರೆ ಏಳುತ್ತದೆ, ಅಷ್ಟೇ. ದುಂಬಿಯಾಗಿ ಹಾರುವ ಮೊದಲೇ ಅಂಥ ಗಿಡಗಳನ್ನು ಹುಡುಕಿ, ಕೆಂಪು ಬಟ್ಟೆ ಕಟ್ಟಿ, ಕಿತ್ತು ಸುಡಬೇಕು. ಬಿಟ್ಟರೆ ಸುತ್ತಲಿನ ಗಿಡಗಳಿಗೂ ಹತ್ತುತ್ತದೆ. ಸುಮ್ಮನೆ ಕಿತ್ತರೆ, ಫಸಲು ಕೊಡುವ ಗಿಡವನ್ನು ನಾವೇ ಕೊಂದ ಹಾಗೆ. ಮದುವೆಯಾಗಿ ಬಂದಾಗಿನಿಂದ ಈ ಗೆರೆ ಹುಡುಕುವ ಕೆಲಸ ನನ್ನದು.

"ಈ ಸಲ ನೀನು ಬರೋದು ಬೇಡ ಮಾರಾಯ್ತಿ," ಎಂದರು ನಮ್ಮವರು. "ಒಂದೊಂದು ಗಿಡದ ಮುಂದೂ ದೇವ್ರ ಮುಂದೆ ನಿಂತಂಗೆ ನಿಲ್ತೀಯ. ಅಷ್ಟು ನಿಂತೂ ಹೋದ್ವರ್ಷ ಎರಡು ಗಿಡ ಬಿಟ್ಟೆ. ನಿಂಗೆ ಕಣ್ಣು ಸಾಲ್ದು."

ಬಿಟ್ಟದ್ದು ನಿಜ. ಅದಕ್ಕೇ ಸಿಟ್ಟು ಹೆಚ್ಚು ಬಂತು. ಮರುದಿನವೇ ಬಸ್ಸು ಹತ್ತಿ ಚಿಕ್ಕಮಗಳೂರಿಗೆ ಹೋಗಿ ಕಣ್ಣಿನ ಡಾಕ್ಟರ ಎದುರು ಕುಳಿತೆ. ಪೊರೆ ಈಗಷ್ಟೇ ಶುರುವಾಗಿದೆ, ಆಪರೇಷನ್ನಿಗೆ ಅವಸರವಿಲ್ಲ ಎಂದರು ಆಕೆ. ನಾನು ನಿಧಾನದ ವಿಚಾರ ತೆಗೆದೆ.

"ಕಣ್ಣು ಬಂದ ಬೆಳಕನ್ನ ಒಂಚೂರು ಹೊತ್ತು ಕೂಡಿಸ್ಕೊಂಡು ಆಮೇಲೆ ನೋಡೋದಮ್ಮ. ಬೆಳಕು ಕಮ್ಮಿ ಇದ್ರೆ, ಗೆರೆ ಮಸುಕಾಗಿದ್ರೆ, ಇನ್ನೂ ಹೊತ್ತು ಬೇಕು. ಎಲ್ಲರಿಗೂ ಅಷ್ಟೆ. ನಿಮಗೆ ಸ್ವಲ್ಪ ಜಾಸ್ತಿ."

ಎಲ್ಲರಿಗೂ ಅಷ್ಟೆ! ಔಷಧಿ ಚೀಟಿಗಿಂತ ಜೋಪಾನವಾಗಿ ಆ ಮಾತನ್ನು ಮನೆಗೆ ತಂದೆ. ಊಟಕ್ಕೆ ಕುಳಿತಾಗ ತಿರುಗುವ ಫ್ಯಾನು ತೋರಿಸಿ, ಎಷ್ಟು ರೆಕ್ಕೆ ಎಂದು ನಮ್ಮವರನ್ನು ಕೇಳಿದೆ. ಮೂರು ಎಂದರು. "ಗೊತ್ತಿರೋದು ಬೇಡ, ಕಾಣೋದು ಹೇಳಿ," ಎಂದೆ. ತಲೆಯೆತ್ತಿದರು. ಕಾಣುವುದು ಒಂದು ಬೂದು ತಟ್ಟೆ ತಾನೆ? ಹಿಂದಿನ ಕ್ಷಣವನ್ನು ಈ ಕ್ಷಣಕ್ಕೆ ಕಲಸಿಕೊಂಡೇ ಎಲ್ಲರ ಕಣ್ಣೂ ನೋಡುವುದು. ಥಟ್ಟನೆ ಕಂಡೆ ಎನ್ನುವುದು ಬರೀ ಜಂಬ. ಇಷ್ಟು ಹೇಳಿ ಮುಗಿಸಿದಾಗ ನಮ್ಮವರು ಮಜ್ಜಿಗೆ ಕೇಳಿದರು.

ಬಿಸಿಲಿನಿಂದ ನೆರಳಿಗೆ ಬಂದಾಗಿನ ಕತೆಯಂತೂ ಕೇಳಲೇಬೇಡಿ. ಹಿಂದೊಮ್ಮೆ ಮ್ಯಾಟ್ನಿ ಸಿನಿಮಾಕ್ಕೆ ತಡವಾಗಿ ಹೋಗಿ, ಮೂಡಿಗೆರೆಯ ಟಾಕೀಸಿನ ಕತ್ತಲಲ್ಲಿ ನಾನು ಖಾಲಿ ಕುರ್ಚಿಯೆಂದು ಕುಳಿತದ್ದು ಒಬ್ಬ ಅಜ್ಜಿಯ ತೊಡೆಯ ಮೇಲೆ. ಆದರೆ ಹತ್ತು ನಿಮಿಷ ಕಳೆದ ಮೇಲೆ, ತಡಕಾಡುತ್ತಾ ಬರುವ ಬೇರೆಯವರನ್ನು ನೋಡಿ ಅಜ್ಜಿಯ ಜೊತೆ ಸೇರಿ ನಕ್ಕವಳೂ ನಾನೇ. ಕಣ್ಣು ಹೋಗಿರಲಿಲ್ಲ, ಹೊಂದಿಕೊಳ್ಳಲು ಹೊತ್ತು ಕೇಳುತ್ತಿತ್ತು.

ಬೋರರ್ ನೋಡುವ ದಿನ ಯಾರೂ ಕರೆಯದಿದ್ದರೂ ನಾನು ತೋಟಕ್ಕೆ ಹೋದೆ. ಕಾಫಿ ಒಣಗಿಸುವ ಕಣದ ಉರಿಬಿಸಿಲಿನಿಂದ ನೇರ ಮರದ ನೆರಳಿಗೆ ನುಗ್ಗಿದ ನಮ್ಮವರು, ಅರ್ಧ ಗಂಟೆಯಲ್ಲಿ ಒಂದು ಸಾಲು ಮುಗಿಸಿ ಹನ್ನೊಂದು ಗಿಡಕ್ಕೆ ಬಟ್ಟೆ ಕಟ್ಟಿದ್ದರು. ಅವುಗಳಲ್ಲಿ ಮೂರನೆಯದರ ಮುಂದೆ ನಾನು ನಿಂತೆ. ಗೆರೆ ಇದ್ದಂತೆ ಕಂಡಿತು. ನಿಂತೇ ಇದ್ದೆ. ಗಾಳಿ ಬೀಸಿದಾಗ ಗೆರೆ ಪಕ್ಕಕ್ಕೆ ಸರಿಯಿತು. ಮೆಣಸಿನ ಬಳ್ಳಿಯ ನೆರಳು! ಬಟ್ಟೆ ಬಿಚ್ಚಿದೆ.

"ಏ, ಬೋರರ್ ಇದ್ರೆ?" ಎಂದರು ಓಡಿ ಬಂದು.

"ಇದ್ರೆ ತಪ್ಪು ನಂದು."

ಬಾಯಲ್ಲಿ ಹಾಗೆಂದರೂ ಬಿಚ್ಚಿದ ಬಟ್ಟೆಯನ್ನು ಬಿಸಾಡದೆ ಕೈಯಲ್ಲೇ ಹಿಡಿದಿದ್ದೆ. ಬಿಟ್ಟ ಒಂದು ಗಿಡ ಮುಂದಿನ ವರ್ಷ ಹತ್ತು ಗಿಡಗಳನ್ನು ತಿಂದೀತು. ಮತ್ತೆ ನನ್ನನ್ನು ತೋಟಕ್ಕೆ ಯಾರು ಬಿಡುತ್ತಾರೆ? ಅವರು ತೊಗಟೆಯ ಮೇಲೆ ಬೆರಳಾಡಿಸಿದರು. ನುಣ್ಣಗಿತ್ತು. ಮುಂದಿನ ಗಿಡಕ್ಕೆ ನಡೆದರು.

ಅವರು ಬಟ್ಟೆ ಕಟ್ಟದೆ ದಾಟಿದ್ದ ಗಿಡವೊಂದರ ಮುಂದೆ ನಾನು ಮತ್ತೆ ನಿಂತೆ. ಏನೂ ಇರಲಿಲ್ಲ. ಇನ್ನೂ ನಿಂತೆ. ಮೊಣಕಾಲೆತ್ತರದಲ್ಲಿ ಕೂದಲೆಳೆಯಂಥ ಒಂದು ಮಸುಕು, ನಿಧಾನಕ್ಕೆ ಗೆರೆಯಾಯಿತು. ಗಾಳಿ ಬೀಸಿತು, ಅದು ಸರಿಯಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಅದಕ್ಕೆ ಕಟ್ಟಿ ನಮ್ಮವರನ್ನು ಕೂಗಿದೆ. ಎಲ್ಲಿ, ಎಲ್ಲಿ ಎಂದರು. ನಾನು ತೋರಿಸಲಿಲ್ಲ, ನಿಲ್ಲಿ ಎಂದೆ. ಗೊಣಗುತ್ತಾ ನಿಂತರು. ಬಹಳ ಹೊತ್ತಾದ ಮೇಲೆ ತಾವಾಗಿಯೇ ಬಗ್ಗಿ ಸರಿಯಾದ ಜಾಗದಲ್ಲಿ ಬೆರಳಿಟ್ಟರು.

"ಹೌದಲ್ಲೇ," ಎಂದರು. ಆಮೇಲೆ ಆರೆಕರೆಯ ಉದ್ದಕ್ಕೂ ಕಣ್ಣು ಹಾಯಿಸಿದರು. "ಹಿಂಗೆ ನಿಂತ್ರೆ ತೋಟ ಮುಗಿಯೋದು ಯಾವಾಗ?"

"ಮುಗಿದಾಗ," ಎಂದೆ. "ನೀವು ಮನೆಗೆ ಹೋಗಿ ಅನ್ನಕ್ಕಿಡಿ."